ಸೊಂಟದ ಮೂಳೆ ಜಾರಿದಾಗ: ಹಿರಿಯರ ಶಸ್ತ್ರಚಿಕಿತ್ಸೆ ಕುರಿತು ಓದುಗರ ಪ್ರಶ್ನೆಗಳು

ಕಳೆದ ಎರಡು ತಿಂಗಳಲ್ಲಿ ಮಲೆನಾಡಿನ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದ ಸುತ್ತ ಇವೆ. ಮನೆಯ ಹಿರಿಯರಿಗೆ ಸೊಂಟದ ಮೂಳೆ ಜಾರಿದೆ, ಆಪರೇಷನ್ ಆಗಬೇಕು ಎಂದು ವೈದ್ಯರು ಹೇಳಿದ್ದಾರೆ, ಯಾವ ಆಪರೇಷನ್, ಈ ವಯಸ್ಸಿನಲ್ಲಿ ಅದು ಸರಿಯೇ ಎಂಬುದು ಮನೆಯವರಿಗೆ ತಿಳಿಯದಾಗಿದೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ರೋಗಿಯನ್ನೂ ಎಕ್ಸ್‌ರೇಯನ್ನೂ ನೋಡದೆ ಯಾರಿಗೂ ಆಪರೇಷನ್ ಬೇಕು ಅಥವಾ ಬೇಡ ಎಂದು ತೀರ್ಪು ಕೊಡಲಾಗದು. ನಿಮ್ಮ ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಈ ಉತ್ತರಗಳು ನೆರವಾದರೆ ಸಾಕು.

ಪ್ರಶ್ನೆ: ನಮ್ಮ ಅತ್ತೆಯವರಿಗೆ 71 ವರ್ಷ. ಎರಡು ವರ್ಷದಿಂದ ಸ್ವಲ್ಪ ದೂರ ನಡೆದರೂ ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ, ಎಲ್ಲಾದರೂ ಕುಳಿತರೆ ಬಿಡುತ್ತದೆ. ಮನೆಯಿಂದ ತೋಟಕ್ಕೆ ಇಳಿಯುವಾಗ ಬಹಳ ಕಷ್ಟಪಡುತ್ತಾರೆ, ವಿಚಿತ್ರವೆಂದರೆ ಹತ್ತಿ ಬರುವಾಗ ಅಷ್ಟು ತೊಂದರೆಯಿಲ್ಲ. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದಾಗ ನಾಲ್ಕನೆಯ ಮೂಳೆ ಐದನೆಯದರ ಮೇಲೆ ಜಾರಿದೆ ಎಂದು ವರದಿ ಬಂತು. ಒಬ್ಬ ವೈದ್ಯರು ನರ ಬಿಡಿಸಿದರೆ ಸಾಕು ಎಂದರು, ಇನ್ನೊಬ್ಬರು ರಾಡು, ಸ್ಕ್ರೂ ಹಾಕಲೇಬೇಕು ಎಂದರು. ಯಾರ ಮಾತನ್ನು ನಂಬುವುದು?
— ತೀರ್ಥಹಳ್ಳಿ ತಾಲೂಕಿನ ಓದುಗರು

ಉತ್ತರ: ಇಳಿಯುವಾಗ ಕಷ್ಟ, ಹತ್ತುವಾಗ ಕಡಿಮೆ ಎಂದು ನೀವು ಗಮನಿಸಿ ಬರೆದದ್ದು ಎಂಆರ್‌ಐ ವರದಿಯಷ್ಟೇ ಬೆಲೆಬಾಳುವ ಮಾಹಿತಿ. ದಿಬ್ಬ ಹತ್ತುವಾಗ ನಾವು ತಾವಾಗಿಯೇ ಮುಂದಕ್ಕೆ ಬಾಗುತ್ತೇವೆ, ಆಗ ಸೊಂಟದ ಭಾಗದಲ್ಲಿ ನರಗಳು ಹಾದುಹೋಗುವ ನಾಳ ಸ್ವಲ್ಪ ಅಗಲವಾಗುತ್ತದೆ. ಇಳಿಯುವಾಗ ಬೆನ್ನು ಹಿಂದಕ್ಕೆ ಸೆಟೆದು ಅದೇ ನಾಳ ಕಿರಿದಾಗುತ್ತದೆ. ನಡೆದರೆ ಕಾಲು ಹಿಡಿದು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಬಿಡುವುದು ನರ ಒತ್ತಿಕೊಂಡಿರುವ ಲಕ್ಷಣ. ಕಾಲಿನ ರಕ್ತನಾಳ ಕಟ್ಟಿಕೊಂಡವರಿಗೂ ನಡೆದಾಗ ಮೀನಖಂಡ ಹಿಡಿಯುತ್ತದೆ, ಆದರೆ ಅವರಿಗೆ ಬಾಗಬೇಕಿಲ್ಲ, ನಿಂತಲ್ಲೇ ನಿಂತರೂ ಆರಾಮವಾಗುತ್ತದೆ, ಮತ್ತು ಹತ್ತುವುದೇ ಹೆಚ್ಚು ಕಷ್ಟವಾಗುತ್ತದೆ. ಹಿರಿಯರಲ್ಲಿ ಎರಡೂ ಒಟ್ಟಿಗೆ ಇರುವುದುಂಟಾದ್ದರಿಂದ ಪಾದದ ನಾಡಿಯನ್ನು ಮುಟ್ಟಿ ನೋಡಿಸಿಕೊಳ್ಳಿ.

ಸೊಂಟದಲ್ಲಿ ಐದು ಮೂಳೆಗಳಿವೆ. ಒಂದರ ಮೇಲೊಂದು ಕುಳಿತ ಈ ಮೂಳೆಗಳನ್ನು ಮುಂದೆ ಡಿಸ್ಕ್, ಹಿಂದೆ ಎಡಬಲದ ಎರಡು ಸಣ್ಣ ಕೀಲುಗಳು ಹಿಡಿದಿಟ್ಟಿರುತ್ತವೆ. ವಯಸ್ಸಾದಂತೆ ಡಿಸ್ಕ್ ತೆಳ್ಳಗಾಗಿ, ಕೀಲುಗಳು ಸವೆದು, ಅವುಗಳ ನಡುವಿನ ಅಸ್ಥಿರಜ್ಜು ದಪ್ಪಗಾಗುತ್ತದೆ. ಹಿಡಿತ ಸಡಿಲವಾದ ಮೇಲಿನ ಮೂಳೆ ಮೆಲ್ಲಗೆ ಮುಂದಕ್ಕೆ ಸರಿಯುತ್ತದೆ. ಇದು 50 ವರ್ಷ ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚಾಗಿ, ಸಾಮಾನ್ಯವಾಗಿ ನಾಲ್ಕನೆಯ ಮತ್ತು ಐದನೆಯ ಮೂಳೆಯ ನಡುವೆಯೇ ಕಾಣುತ್ತದೆ. ನಮ್ಮ ಕಡೆ ‘ಬೆನ್ನುಮೂಳೆಯಲ್ಲಿ ಗ್ಯಾಪ್ ಬಂದಿದೆ’ ಎನ್ನುವ ಮಾತೊಂದು ರೂಢಿಯಲ್ಲಿದೆ. ಆ ಮಾತು ಅನೇಕರನ್ನು ವೃಥಾ ಹೆದರಿಸಿದೆ. ಇಲ್ಲಿ ಗ್ಯಾಪ್ ಬರುವುದಿಲ್ಲ, ಇರುವ ಜಾಗವೇ ಕಿರಿದಾಗುತ್ತದೆ. ವಯಸ್ಸಿನ ಸವೆತದಿಂದ ಆಗುವ ಜಾರುವಿಕೆ ಮೂಳೆಯ ಅಗಲದ ಮೂರನೆಯ ಒಂದು ಭಾಗವನ್ನು ದಾಟುವುದು ಅಪರೂಪ, ಮೂಳೆ ಪೂರ್ತಿ ಕಳಚಿ ಬೀಳುವುದಂತೂ ಇಲ್ಲ.

ಹಾಗಾಗಿ ನಿಮ್ಮ ಅತ್ತೆಯವರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ನರ ಒತ್ತಿಕೊಂಡಿರುವುದು ಒಂದು, ಮೂಳೆ ಅಲುಗಾಡುತ್ತಿರುವುದು ಇನ್ನೊಂದು. ಮೊದಲನೆಯದು ಖಚಿತವಾಗಿ ಇದೆ ಎಂದು ಅವರ ನಡಿಗೆಯೇ ಹೇಳುತ್ತಿದೆ. ಎರಡನೆಯದು ಇದೆಯೇ ಎಂಬುದು ಎಂಆರ್‌ಐ ಒಂದರಿಂದ ತಿಳಿಯುವುದಿಲ್ಲ, ಏಕೆಂದರೆ ಅದನ್ನು ಮಲಗಿಸಿ ತೆಗೆಯುತ್ತಾರೆ, ಮಲಗಿದಾಗ ಜಾರಿದ ಮೂಳೆ ಎಷ್ಟೋ ಸಲ ತನ್ನ ಜಾಗಕ್ಕೆ ಮರಳಿರುತ್ತದೆ. ನಿಂತುಕೊಂಡು ಒಂದು, ಮುಂದಕ್ಕೆ ಬಾಗಿ ಒಂದು, ಹಿಂದಕ್ಕೆ ಬಾಗಿ ಒಂದು ಎಕ್ಸ್‌ರೇ ತೆಗೆಸಬೇಕು. ಬಾಗಿದಾಗ ಮೂಳೆ 3ರಿಂದ 4 ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಅಥವಾ ಸುಮಾರು 10 ಡಿಗ್ರಿಗಿಂತ ಹೆಚ್ಚು ತಿರುಗಿದರೆ ಅಲ್ಲಿ ಅಸ್ಥಿರತೆ ಇದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತೇವೆ. ಎಂಆರ್‌ಐನಲ್ಲಿ ಹಿಂದಿನ ಕೀಲುಗಳೊಳಗೆ ನೀರು ತುಂಬಿದಂತೆ ಕಂಡರೆ ಅದೂ ಒಂದು ಸುಳಿವು. ಇಬ್ಬರು ವೈದ್ಯರ ಅಭಿಪ್ರಾಯ ಬೇರೆಯಾಗಲು ಈ ಎಕ್ಸ್‌ರೇ ಒಬ್ಬರ ಮುಂದೆ ಇದ್ದು ಇನ್ನೊಬ್ಬರ ಮುಂದೆ ಇಲ್ಲದಿದ್ದದ್ದೇ ಕಾರಣವಾಗಿರಬಹುದು. ಎಲ್ಲಕ್ಕಿಂತ ಮೊದಲು ಅದನ್ನು ವಿಚಾರಿಸಿ.

ಜಗತ್ತಿನ ತಜ್ಞರಲ್ಲೂ ಈ ಭಿನ್ನಾಭಿಪ್ರಾಯ ಇದೆ. ನಾರ್ವೆಯಲ್ಲಿ ಮೂಳೆ ಜಾರಿದ 267 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನರ ಬಿಡಿಸುವುದನ್ನಷ್ಟೇ, ಇನ್ನೊಂದಕ್ಕೆ ನರ ಬಿಡಿಸಿ ಸ್ಕ್ರೂ ಹಾಕಿ ಮೂಳೆ ಬೆಸೆಯುವುದನ್ನೂ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷದ ನಂತರ ಮೊದಲ ಗುಂಪಿನಲ್ಲಿ ಶೇ 71ರಷ್ಟು, ಎರಡನೆಯದರಲ್ಲಿ ಶೇ 73ರಷ್ಟು ಜನರಿಗೆ ಗಣನೀಯ ಸುಧಾರಣೆಯಾಗಿತ್ತು. ಅಂದರೆ ಹೆಚ್ಚುಕಡಿಮೆ ಸಮ. 2016ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೂ ಇದನ್ನೇ ಹೇಳಿತು. ಅದೇ ವರ್ಷ ಬಂದ ಅಮೆರಿಕದ 66 ರೋಗಿಗಳ ಸಣ್ಣ ಅಧ್ಯಯನದಲ್ಲಿ ಮಾತ್ರ ಬೆಸೆದವರಿಗೆ ಸ್ವಲ್ಪ ಹೆಚ್ಚು ಪ್ರಯೋಜನ ಕಂಡಿತು. ನಾಲ್ಕು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ಬೆಸೆದವರಲ್ಲಿ ಶೇ 14, ನರ ಬಿಡಿಸುವುದನ್ನಷ್ಟೇ ಮಾಡಿಸಿಕೊಂಡವರಲ್ಲಿ ಶೇ 34. ಇಷ್ಟಾಗಿಯೂ ಬಾಗಿದಾಗ ಮೂಳೆ ಸ್ಪಷ್ಟವಾಗಿ ಅಲುಗುತ್ತಿದ್ದವರನ್ನು ಆ ಅಮೆರಿಕದ ಅಧ್ಯಯನ ಸೇರಿಸಿಕೊಂಡೇ ಇರಲಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಪ್ಪತ್ತು ದಾಟಿದವರಲ್ಲಿ ಕಾಲಿನ ನೋವೇ ಮುಖ್ಯವಾಗಿದ್ದು, ಸೊಂಟದ ನೋವು ಕಡಿಮೆಯಿದ್ದು, ಬಾಗಿದಾಗಲೂ ಮೂಳೆ ನಿಂತಲ್ಲೇ ನಿಂತಿದ್ದರೆ, ನರ ಬಿಡಿಸುವ ಚಿಕ್ಕ ಶಸ್ತ್ರಚಿಕಿತ್ಸೆಯೇ ಮೊದಲ ಆಯ್ಕೆಯಾಗಬೇಕು. ಒಂದೇ ಬದಿಯಿಂದ ಸಣ್ಣ ಗಾಯದ ಮೂಲಕ ಹೋಗಿ ಎರಡೂ ಬದಿಯ ನರಗಳನ್ನು ಬಿಡಿಸುವ ವಿಧಾನದಲ್ಲಿ ಹಿಂದಿನ ಸ್ನಾಯುಗಳು, ಕೀಲುಗಳು ಬಹುಪಾಲು ಉಳಿದುಕೊಳ್ಳುತ್ತವೆ. ರಕ್ತಸ್ರಾವ ಕಡಿಮೆ, ಆಪರೇಷನ್ನಿನ ಹೊತ್ತೂ ಕಡಿಮೆ. ಮೂಳೆ ಅಲುಗುತ್ತಿದ್ದರೆ, ಸೊಂಟದ ನೋವೂ ಕಾಲಿನಷ್ಟೇ ಇದ್ದರೆ, ಅಥವಾ ನರ ಬಿಡಿಸಲು ಕೀಲಿನ ಹೆಚ್ಚು ಭಾಗ ತೆಗೆಯಲೇಬೇಕಾದರೆ, ಬೆಸೆಯುವುದೇ ಸರಿ. ಅಂಥವರಲ್ಲಿ ಬರೀ ನರ ಬಿಡಿಸಿದರೆ ಇರುವ ಸಡಿಲು ಇನ್ನಷ್ಟು ಹೆಚ್ಚುವ ಸಂಭವವಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 68 ವರ್ಷ. ನನಗೆ ಕಾಲಿಗಿಂತ ಸೊಂಟದ್ದೇ ಬಾಧೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ, ಕುರ್ಚಿಯಿಂದ ಏಳುವಾಗ ಒಳಗೇನೋ ಜಾರಿದಂತಾಗಿ ಉಸಿರು ಹಿಡಿಯುತ್ತದೆ. ಬಾಗಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಅಲುಗುವುದು ಕಂಡಿದೆ. ಬೆಸೆಯಬೇಕು ಎಂದಿದ್ದಾರೆ, ಆದರೆ ಹಿಂದಿನಿಂದ, ಪಕ್ಕದಿಂದ, ಕೀಹೋಲ್ ಎಂದು ಹಲವು ವಿಧ ಹೇಳುತ್ತಾರೆ. ಯಾವುದು ಉತ್ತಮ?
— ಸಾಗರದ ಓದುಗರು

ಉತ್ತರ: ಸ್ಕ್ರೂ ಮತ್ತು ರಾಡು ಮೂಳೆಯನ್ನು ಬೆಸೆಯುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಕಾಂಕ್ರೀಟು ಗಟ್ಟಿಯಾಗುವವರೆಗೆ ಹಲಗೆಗಳು ಹಿಡಿದಿರುವಂತೆ, ನಡುವೆ ಇಟ್ಟ ಮೂಳೆಯ ಚೂರುಗಳು ಬೆಳೆದು ಎರಡು ಮೂಳೆ ಒಂದಾಗುವವರೆಗೆ ಅವು ಅಲುಗದಂತೆ ಹಿಡಿದಿರುತ್ತವೆ. ಈ ಬೆಸುಗೆಗೆ ಆರು ತಿಂಗಳಿಂದ ಒಂದು ವರ್ಷದವರೆಗೂ ಹಿಡಿಯಬಹುದು. ಅಷ್ಟರಲ್ಲಿ ಬೆಸುಗೆ ಕೂಡದೆ ಹೋದರೆ ಎಷ್ಟೇ ಒಳ್ಳೆಯ ಲೋಹವೂ ಒಂದು ದಿನ ಸಡಿಲವಾಗುತ್ತದೆ ಇಲ್ಲವೇ ಮುರಿಯುತ್ತದೆ.

ಹಳೆಯ ಮತ್ತು ಸರಳವಾದ ವಿಧಾನದಲ್ಲಿ ಹಿಂದಿನಿಂದ ತೆರೆದು, ಸ್ಕ್ರೂ ಹಾಕಿ, ಮೂಳೆಗಳ ಎರಡೂ ಪಕ್ಕದ ಚಾಚುಗಳ ಮೇಲೆ ಮೂಳೆಯ ಚೂರು ಹರಡುತ್ತಾರೆ. ನರ ಬಿಡಿಸುವಾಗ ತೆಗೆದ ರೋಗಿಯ ಸ್ವಂತ ಮೂಳೆಯೇ ಇದಕ್ಕೆ ಬಳಕೆಯಾಗುತ್ತದೆ. ಎರಡನೆಯದು ಈಗ ಹೆಚ್ಚು ಪ್ರಚಾರದಲ್ಲಿರುವ ಟಿಲಿಫ್. ಹಿಂದಿನಿಂದಲೇ, ಆದರೆ ಒಂದು ಪಕ್ಕದ ಕೀಲನ್ನು ತೆಗೆದು ಡಿಸ್ಕಿನ ಜಾಗಕ್ಕೆ ಹೋಗಿ, ಸವೆದ ಡಿಸ್ಕನ್ನು ಕೆರೆದು, ಅಲ್ಲಿ ಮೂಳೆ ತುಂಬಿದ ಸಣ್ಣ ಪಂಜರವನ್ನು ಕೂರಿಸುತ್ತಾರೆ. ಮೈಭಾರವೆಲ್ಲ ಮುಂಭಾಗದಲ್ಲೇ ಬೀಳುವುದರಿಂದ ಅಲ್ಲಿ ಬೆಸುಗೆ ಕೂಡುವ ಸಾಧ್ಯತೆ ಹೆಚ್ಚು, ಕುಸಿದ ಡಿಸ್ಕಿನ ಎತ್ತರವೂ ಸ್ವಲ್ಪ ಮರಳುತ್ತದೆ. ಇದನ್ನೇ ಸಣ್ಣ ಗಾಯಗಳ ಮೂಲಕ, ಚರ್ಮದ ಮೇಲಿನಿಂದಲೇ ಸ್ಕ್ರೂ ತೂರಿಸಿ ಮಾಡುವುದನ್ನು ಜನ ಕೀಹೋಲ್ ಎನ್ನುತ್ತಾರೆ. ಅದರಿಂದ ರಕ್ತ ಕಡಿಮೆ ಹೋಗುತ್ತದೆ, ಮೊದಲ ವಾರಗಳ ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಹಿರಿಯರಿಗೆ ಇದು ನಿಜವಾದ ಲಾಭ. ಆದರೆ ಒಂದೆರಡು ವರ್ಷ ಕಳೆದ ಮೇಲೆ ತೆರೆದು ಮಾಡಿದ್ದಕ್ಕೂ ಇದಕ್ಕೂ ಫಲಿತಾಂಶದಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ.

ಪಕ್ಕೆಯಿಂದ ಹೋಗುವ ವಿಧಾನಗಳಲ್ಲಿ ಬೆನ್ನಿನ ಸ್ನಾಯುಗಳಿಗೆ ಪೆಟ್ಟಿಲ್ಲ, ಅಗಲವಾದ ಪಂಜರ ಇಡಬಹುದು. ಆದರೆ ಸೊಂಟದ ಒಳಸ್ನಾಯುವಿನ ಮೂಲಕ ಅಥವಾ ಅದರ ಪಕ್ಕದಲ್ಲೇ ಹಾದುಹೋಗುವುದರಿಂದ ಕೆಲವರಿಗೆ ತೊಡೆಯಲ್ಲಿ ಜೋಮು, ತೊಡೆ ಎತ್ತಲು ಬಲವಿಲ್ಲದಿರುವುದು ಕೆಲವು ವಾರಗಳ ಕಾಲ ಕಾಡುತ್ತದೆ. ಹೊಟ್ಟೆಯ ಕಡೆಯಿಂದ ಹೋಗುವುದು ಹಿರಿಯರಲ್ಲಿ ಅಷ್ಟು ಸೂಕ್ತವಲ್ಲ. ಗಟ್ಟಿಯಾಗಿ ಸುಣ್ಣಗಟ್ಟಿದ ದೊಡ್ಡ ರಕ್ತನಾಳಗಳನ್ನು ಬದಿಗೆ ಸರಿಸುವುದು ಅಪಾಯದ ಕೆಲಸ.

ನೀವು ವಿವರಿಸಿದ ಬಾಧೆ ಅಲುಗುವ ಮೂಳೆಯದ್ದೇ ಎಂದು ತೋರುತ್ತದೆ, ಬೆಸೆಯಲು ಹೇಳಿದ್ದರಲ್ಲಿ ಅರ್ಥವಿದೆ. ವಿಧಾನದ ಹೆಸರಿಗಿಂತ, ನಿಮ್ಮ ಶಸ್ತ್ರವೈದ್ಯರ ಕೈ ಯಾವುದರಲ್ಲಿ ಪಳಗಿದೆ ಎಂಬುದು ಮುಖ್ಯ. ಎಷ್ಟು ಮಟ್ಟಗಳನ್ನು, ಅಂದರೆ ಅಕ್ಕಪಕ್ಕದ ಎಷ್ಟು ಜೋಡಿ ಮೂಳೆಗಳನ್ನು, ಬೆಸೆಯುತ್ತೀರಿ ಎಂದು ಮರೆಯದೆ ಕೇಳಿ. ಬೆಸೆದ ಭಾಗ ಬಾಗುವುದನ್ನು ನಿಲ್ಲಿಸಿದಾಗ ಅದರ ಮೇಲಿನ ಮತ್ತು ಕೆಳಗಿನ ಕೀಲುಗಳಿಗೆ ಆ ಹೊರೆ ಹೋಗುತ್ತದೆ, ವರ್ಷಗಳ ನಂತರ ಅಲ್ಲೂ ಸವೆತ ಕಾಣಿಸಬಹುದು. ಆದ್ದರಿಂದ ಅಲುಗುವ ಒಂದು ಮಟ್ಟಕ್ಕಷ್ಟೇ ಬೆಸುಗೆ, ಎಂಆರ್‌ಐನಲ್ಲಿ ಸವೆದು ಕಂಡ ಎಲ್ಲದಕ್ಕೂ ಅಲ್ಲ.

ಪ್ರಶ್ನೆ: ತಾಯಿಗೆ 78 ವರ್ಷ. ಸಕ್ಕರೆ ಕಾಯಿಲೆ ಇದೆ, ಮೂಳೆ ಟೊಳ್ಳಾಗಿದೆ ಎಂದಿದ್ದಾರೆ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಐವತ್ತು ವರ್ಷದ್ದು. ಇಂಥವರಿಗೆ ಸ್ಕ್ರೂ ನಿಲ್ಲುತ್ತದೆಯೇ? ಈ ವಯಸ್ಸಿನಲ್ಲಿ ಆಪರೇಷನ್ ಬೇಡವೆಂದು ನೆಂಟರೆಲ್ಲ ಹೇಳುತ್ತಿದ್ದಾರೆ.
— ಹೊಸನಗರ ತಾಲೂಕಿನ ಓದುಗರು

ಉತ್ತರ: ವಯಸ್ಸೊಂದೇ ಆಪರೇಷನ್ನಿಗೆ ಅಡ್ಡಿಯಲ್ಲ. ಎಂಬತ್ತರ ಸಮೀಪದಲ್ಲೂ ಹೃದಯ, ಶ್ವಾಸಕೋಶ, ಮೂತ್ರಪಿಂಡ ಚೆನ್ನಾಗಿದ್ದು, ಚುರುಕಾಗಿ ಇದ್ದವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ, ಅರವತ್ತಕ್ಕೇ ಬಡಕಲಾಗಿ ಹಾಸಿಗೆ ಹಿಡಿದವರು ಚೇತರಿಸಿಕೊಳ್ಳಲು ಒದ್ದಾಡುತ್ತಾರೆ. ನೆಂಟರ ಭಯ ನನಗೆ ಅರ್ಥವಾಗುತ್ತದೆ, ಆದರೆ ನಡೆಯಲಾಗದೆ ಮನೆಯೊಳಗೇ ಕೂತ ಹಿರಿಯರ ಸ್ನಾಯುಗಳು ಎಷ್ಟು ಬೇಗ ಕರಗುತ್ತವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಿಮ್ಮ ಮೊದಲ ಪ್ರಶ್ನೆ ಬಹಳ ಸರಿಯಾದದ್ದು. ಗೆದ್ದಲು ತಿಂದ ಮರದಲ್ಲಿ ಮೊಳೆ ನಿಲ್ಲುವುದಿಲ್ಲವಲ್ಲ, ಹಾಗೆಯೇ ಟೊಳ್ಳು ಮೂಳೆಯಲ್ಲಿ ಸ್ಕ್ರೂ ಸಡಿಲವಾಗುತ್ತದೆ, ಪಂಜರ ಮೂಳೆಯೊಳಗೆ ಕುಸಿಯುತ್ತದೆ. ಡೆಕ್ಸಾ ಎಂಬ ಪರೀಕ್ಷೆಯಿಂದ ಮೂಳೆಯ ಸಾಂದ್ರತೆ ಅಳೆಯಬಹುದು. ಟಿ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೋಪೊರೋಸಿಸ್. ಸವೆದ ಬೆನ್ನಿನಲ್ಲಿ ಬೆಳೆದ ಹೆಚ್ಚುವರಿ ಮೂಳೆಯಿಂದಾಗಿ ಸೊಂಟದ ಅಂಕ ಇರುವುದಕ್ಕಿಂತ ಚೆನ್ನಾಗಿ ಕಾಣುವುದುಂಟು, ಆದ್ದರಿಂದ ತೊಡೆಮೂಳೆಯ ಕತ್ತಿನ ಅಂಕವನ್ನೂ ನೋಡಿಸಿ. ಆಪರೇಷನ್ ತುರ್ತಿಲ್ಲದಿದ್ದರೆ ಕೆಲವು ತಿಂಗಳು ಮೊದಲೇ ಮೂಳೆಗೆ ಚಿಕಿತ್ಸೆ ಶುರುಮಾಡುವುದು ಒಳ್ಳೆಯದು. ವಿಟಮಿನ್ ಡಿ ಕೊರತೆ ಸರಿಪಡಿಸುವುದು, ಕ್ಯಾಲ್ಸಿಯಂ, ಮತ್ತು ಆಯ್ದ ರೋಗಿಗಳಿಗೆ ದಿನವೂ ಚರ್ಮದಡಿ ಚುಚ್ಚುವ ಟೆರಿಪ್ಯಾರಟೈಡ್ ಎಂಬ ಮೂಳೆ ಬೆಳೆಸುವ ಔಷಧ ಇದರಲ್ಲಿ ಸೇರುತ್ತವೆ. ಆಪರೇಷನ್ ಮಾಡುವಾಗ ಸ್ಕ್ರೂವಿನ ಸುತ್ತ ಮೂಳೆ ಸಿಮೆಂಟು ತುಂಬಿ ಹಿಡಿತ ಹೆಚ್ಚಿಸುವ ಕ್ರಮವೂ ಇದೆ. ಅಪರೂಪಕ್ಕೆ ಆ ಸಿಮೆಂಟು ಸೋರಿ ರಕ್ತದ ಮೂಲಕ ಶ್ವಾಸಕೋಶ ಸೇರುವ ಅಪಾಯವಿರುವುದರಿಂದ ಎಲ್ಲರಿಗೂ ಅದನ್ನು ಬಳಸುವುದಿಲ್ಲ.

ಹೊಗೆಸೊಪ್ಪಿನ ಬಗ್ಗೆ ಕಠಿಣವಾಗಿ ಹೇಳಲೇಬೇಕಾಗಿದೆ. ಸೇದಿದರೂ, ಅಗಿದರೂ ನಿಕೋಟಿನ್ ರಕ್ತಕ್ಕೆ ಸೇರಿಯೇ ಸೇರುತ್ತದೆ, ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಮೂಳೆಯ ಬೆಸುಗೆಗೂ ಗಾಯ ಮಾಯುವುದಕ್ಕೂ ಅಡ್ಡಿಯಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಬೀಡಿ ಸೇದುವ ಗಂಡಸರನ್ನು ವೈದ್ಯರು ಎಚ್ಚರಿಸುತ್ತಾರೆ, ಕವಳ ಹಾಕುವ ಅಜ್ಜಿಯರನ್ನು ಯಾರೂ ಕೇಳುವುದೇ ಇಲ್ಲ. ಇದು ನಮ್ಮ ವೃತ್ತಿಯವರ ಲೋಪ. ಕನಿಷ್ಠ ಒಂದೂವರೆ ತಿಂಗಳು ಮೊದಲೇ ಬಿಡಿಸಿ, ಬೆಸುಗೆ ಕೂಡುವವರೆಗೂ ಮತ್ತೆ ಶುರುಮಾಡದಂತೆ ನೋಡಿಕೊಳ್ಳಿ. ಸಕ್ಕರೆಯ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, ಎಂಟಕ್ಕಿಂತ ಕೆಳಗಿಳಿದ ಮೇಲೆ ಆಪರೇಷನ್ ಮಾಡಿದರೆ ಸೋಂಕಿನ ಭಯ ಕಡಿಮೆ. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ, ಅದನ್ನು ಯಾವಾಗ ನಿಲ್ಲಿಸಬೇಕೆಂದು ಹೃದಯದ ವೈದ್ಯರೇ ಹೇಳಬೇಕು, ನೀವಾಗಿ ನಿಲ್ಲಿಸಬಾರದು.

ಇಷ್ಟೆಲ್ಲ ಅಡ್ಡಿಗಳಿರುವವರಲ್ಲಿ ಬೆಸೆಯದೆ ಬರೀ ನರ ಬಿಡಿಸುವುದರ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಮೂಳೆ ತೀರಾ ಅಲುಗುತ್ತಿದ್ದರೆ ಮಾತ್ರ ಸ್ಕ್ರೂವಿನ ಮಾತು. ಇನ್ನೊಂದು ವಿಷಯಕ್ಕೆ ಮನೆಯವರು ಸಿದ್ಧರಿರಬೇಕು. ಆಪರೇಷನ್ ಆದ ರಾತ್ರಿ ಅಥವಾ ಮರುದಿನ ಹಿರಿಯರು ದಿಕ್ಕು ತಪ್ಪಿದಂತೆ ಮಾತಾಡುವುದು, ಮಕ್ಕಳ ಗುರುತು ಹಿಡಿಯದಿರುವುದು ಉಂಟು. ಹೆಚ್ಚಿನವರಲ್ಲಿ ಇದು ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಅವರ ಕನ್ನಡಕ, ಕಿವಿಯ ಯಂತ್ರ ಕೈಗೆ ಸಿಗುವಂತಿಟ್ಟು, ಪರಿಚಿತ ದನಿಯೊಂದು ಪಕ್ಕದಲ್ಲೇ ಇದ್ದರೆ ಬಹಳ ಉಪಕಾರವಾಗುತ್ತದೆ.

ಪ್ರಶ್ನೆ: ಅಡಿಕೆ ಕೊಯ್ಲು ಮುಗಿಯುವವರೆಗೆ ಆಪರೇಷನ್ ಬೇಡ ಎಂದು ತಂದೆ ಹಟ ಹಿಡಿದಿದ್ದಾರೆ. ಮುಂದೂಡಿದರೆ ಅಪಾಯವೇ? ಅಲ್ಲಿಯವರೆಗೆ ಬೆಲ್ಟ್ ಕಟ್ಟಿಕೊಂಡು ಮಲಗಿದ್ದರೆ ಸಾಕೇ?
— ಕೊಪ್ಪದ ಓದುಗರು

ಉತ್ತರ: ಹೆಚ್ಚಿನವರಲ್ಲಿ ಮೂರು ನಾಲ್ಕು ತಿಂಗಳು ಕಾಯುವುದರಿಂದ ಕೆಡುಕಿಲ್ಲ. ಜಾರುವಿಕೆ ನಿಧಾನದ್ದು, ಎಲ್ಲರಲ್ಲೂ ಹೆಚ್ಚುತ್ತಲೂ ಹೋಗುವುದಿಲ್ಲ. ವ್ಯಾಯಾಮ, ಫಿಸಿಯೋಥೆರಪಿ ಮಾಡಿಸದೆ ನೇರವಾಗಿ ಆಪರೇಷನ್ನಿಗೆ ಹೋಗುವುದೂ ಸರಿಯಲ್ಲವಾದ್ದರಿಂದ ಈ ತಿಂಗಳುಗಳನ್ನು ಅದಕ್ಕೆ ಬಳಸಿ. ನರದ ಸುತ್ತ ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಕೆಲವರಿಗೆ ಕೆಲವು ವಾರಗಳ ಆರಾಮ ಕೊಡುತ್ತದೆ, ಆದರೆ ಸಕ್ಕರೆ ಇದ್ದರೆ ಅದು ಏರುತ್ತದೆ. ಮಲಗಿರುವುದು ಬೇಡವೇ ಬೇಡ. ಬೆಲ್ಟನ್ನು ಗದ್ದೆ, ತೋಟದ ಓಡಾಟದ ಹೊತ್ತಿಗಷ್ಟೇ ಕಟ್ಟಿಕೊಳ್ಳಲಿ, ಇಡೀ ದಿನ ಕಟ್ಟಿದರೆ ಸ್ನಾಯು ಸೊರಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವ ರೂಢಿಯನ್ನು ದಯವಿಟ್ಟು ತಪ್ಪಿಸಿ, ಹಿರಿಯರ ಮೂತ್ರಪಿಂಡ ಅದನ್ನು ತಾಳುವುದಿಲ್ಲ.

ಆದರೆ ಈ ಲಕ್ಷಣಗಳು ಕಂಡರೆ ಕೊಯ್ಲು, ಮಳೆ ಯಾವುದನ್ನೂ ಕಾಯಬಾರದು: ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಕುಳಿತಾಗ ನೆಲಕ್ಕೆ ತಾಗುವ ಭಾಗದಲ್ಲಿ ಸ್ಪರ್ಶವೇ ತಿಳಿಯದಿರುವುದು, ಪಾದ ಜೋತುಬಿದ್ದು ಚಪ್ಪಲಿ ಕಳಚುವುದು. ಆಗ ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಕೊಪ್ಪದಿಂದ ಶಿವಮೊಗ್ಗವೋ ಮಣಿಪಾಲವೋ ಎಂದು ಚರ್ಚಿಸುತ್ತ ರಾತ್ರಿ ಕಳೆಯಬೇಡಿ. ಯಾವುದಕ್ಕೆ ಬೇಗ ತಲುಪಬಹುದೋ ಅಲ್ಲಿಗೆ, ಬೆನ್ನಿನ ತುರ್ತು ಶಸ್ತ್ರಚಿಕಿತ್ಸೆ ಅಲ್ಲಿ ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು ಹೊರಡಿ.

ಪ್ರಶ್ನೆ: ಪತ್ನಿಗೆ ಮುಂದಿನ ತಿಂಗಳು ಒಂದು ಮಟ್ಟದ ಬೆಸುಗೆ ಆಪರೇಷನ್ ನಿಗದಿಯಾಗಿದೆ. ಆಮೇಲೆ ಮನೆಯಲ್ಲಿ ಏನೇನು ಜಾಗ್ರತೆ? ಸರ್ಕಾರದ ನೆರವು ಸಿಗುತ್ತದೆಯೇ?
— ಸೊರಬದ ಓದುಗರು

ಉತ್ತರ: ಸಾಮಾನ್ಯವಾಗಿ ಮರುದಿನವೇ ಎಬ್ಬಿಸಿ ನಡೆಸುತ್ತಾರೆ, ಅದಕ್ಕೆ ಹೆದರಬೇಡಿ. ಬೇಗ ನಡೆದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ, ನ್ಯುಮೋನಿಯಾ ಆಗುವ ಭಯ ಕಡಿಮೆ. ಮೊದಲ ಮೂರು ತಿಂಗಳು ಬಾಗುವುದು, ಭಾರ ಎತ್ತುವುದು, ಸೊಂಟ ತಿರುಚುವುದು ಬೇಡ. ತುಂಬಿದ ಕೊಡ, ಹುಲ್ಲಿನ ಹೊರೆ ಯಾವುದೂ ಅವರ ಕೈಗೆ ಹೋಗಬಾರದು. ನೆಲದ ಮೇಲೆ ಕುಳಿತು ಅಡಿಕೆ ಸುಲಿಯುವುದು, ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚುವುದು ಆ ಅವಧಿಯಲ್ಲಿ ನಿಲ್ಲಲಿ. ನೆಲದ ಹಾಸಿಗೆಯ ಬದಲು ಮೊಣಕಾಲೆತ್ತರದ ಮಂಚ, ಕಮೋಡ್ ಅಥವಾ ಶೌಚದ ಮೇಲಿಡುವ ಕುರ್ಚಿ, ಬಚ್ಚಲಿನಲ್ಲಿ ಹಿಡಿಯಲು ಒಂದು ಸರಳು, ಇವಿಷ್ಟನ್ನು ಆಸ್ಪತ್ರೆಗೆ ಹೊರಡುವ ಮೊದಲೇ ಮಾಡಿಸಿಡಿ. ಮಳೆಗಾಲದ ಪಾಚಿಗಟ್ಟಿದ ಅಂಗಳದಲ್ಲಿ ಒಂದು ಸಲ ಜಾರಿ ಬಿದ್ದರೂ ಸ್ಕ್ರೂ ಸಡಿಲವಾಗಬಹುದು. ಅಂಗಳ ಉಜ್ಜಿಸಿ, ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಸಿರುವಿರಾದರೆ ಅದನ್ನು ತೆಗೆಸಿ, ಒದ್ದೆಯಾದಾಗ ಅದು ಬಹಳ ಜಾರುತ್ತದೆ.

ನೆರವಿನ ವಿಷಯ: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ನೇರವಾಗಿ ಸೇರಿಬಿಟ್ಟರೆ ತೊಡಕಾಗುತ್ತದೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ, ನಿಮ್ಮ ಜಿಲ್ಲೆಯಲ್ಲಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ, ಈ ಆಪರೇಷನ್ ಅಲ್ಲೇ ಆಗುತ್ತದೆಯೇ, ಇಲ್ಲವಾದರೆ ರೆಫರಲ್ ಪತ್ರ ಸಿಗುತ್ತದೆಯೇ ಎಂದು ವಿಚಾರಿಸಿ. ಸ್ಕ್ರೂ ಮತ್ತು ಪಂಜರದ ಬೆಲೆ ಆ ದರದೊಳಗೇ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ಹಾಕಿದ ಲೋಹದ ವಿವರವಿರುವ ಚೀಟಿಯನ್ನು ಜೋಪಾನವಾಗಿಡಿ, ಮುಂದೆ ಎಂಆರ್‌ಐ ಮಾಡಿಸಬೇಕಾಗಿ ಬಂದಾಗ ಅದು ಬೇಕಾಗುತ್ತದೆ. ಟೈಟೇನಿಯಂ ಸ್ಕ್ರೂಗಳಿದ್ದವರಿಗೂ ಸಾಮಾನ್ಯವಾಗಿ ಎಂಆರ್‌ಐ ಮಾಡಬಹುದು, ಚಿತ್ರದಲ್ಲಿ ಆ ಭಾಗ ಸ್ವಲ್ಪ ಮಸುಕಾಗಿ ಬರುತ್ತದೆ ಅಷ್ಟೆ.